ಬಂಡವಾಳಕ್ಕಿಂತ ಮೊದಲು ಬಳಗ



ಉಪನ್ಯಾಸದ ವಿಷಯವನ್ನು ನನ್ನ ಆಯ್ಕೆಗೇ ಬಿಟ್ಟಿದ್ದೀರಿ. ಅದಕ್ಕಾಗಿ ಕೃತಜ್ಞ. ಸ್ವಂತ ಉದ್ಯೋಗ, ನವೋದ್ಯಮ, ಸ್ಟಾರ್ಟ್‌ಅಪ್ ಎಂಬ ಹೆಸರುಗಳಲ್ಲಿ ಈಗ ಎಲ್ಲೆಲ್ಲೂ ಸಭೆಗಳು ನಡೆಯುತ್ತವೆ. ಯಾವ ಬ್ಯಾಂಕಿನಲ್ಲಿ ಸಾಲ ಸಿಗುತ್ತದೆ, ಸಬ್ಸಿಡಿ ಎಷ್ಟು, ಅರ್ಜಿಗೆ ಕೊನೆಯ ದಿನ ಯಾವುದು ಎಂಬ ಮಾತು ಅಲ್ಲಿ ಧಾರಾಳವಾಗಿ ಬರುತ್ತದೆ. ಜೊತೆಗೆ ಯಾರಿರಬೇಕು ಎಂಬ ಮಾತು ಬರುವುದು ಕಡಿಮೆ. ಬಂದರೂ ‘ಒಳ್ಳೆಯ ತಂಡ ಕಟ್ಟಿಕೊಳ್ಳಿ’ ಎಂಬ ಒಂದು ಸಾಲಿಗೆ ಮುಗಿಯುತ್ತದೆ. ಆ ಒಂದು ಸಾಲನ್ನು ಬಿಡಿಸಿ ನೋಡುವುದೇ ಇಂದಿನ ನನ್ನ ಕೆಲಸ.

ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಬಳಗ ಎಂದಾಗ ನನ್ನ ಮನಸ್ಸಿನಲ್ಲಿರುವುದು ಸಂಬಳದ ನೌಕರರು ಮಾತ್ರವಲ್ಲ. ಪಾಲುದಾರರು, ಲೆಕ್ಕ ನೋಡುವವರು, ಮನೆಯವರು, ವಸೂಲಿಗೆ ಓಡಾಡುವವರು, ದಾರಿ ತೋರುವ ಸಂಸ್ಥೆಗಳು, ಎಲ್ಲರೂ ಅದರಲ್ಲಿ ಸೇರುತ್ತಾರೆ. ಮೊದಲು ಜೊತೆಗಾರರನ್ನು ಆರಿಸುವ ಬಗೆ, ಆಮೇಲೆ ಅವರೊಡನೆ ಆಡಿದ ಮಾತನ್ನು ಕಾಗದಕ್ಕೆ ಇಳಿಸುವ ಬಗೆ, ಮೂರನೆಯದಾಗಿ ಲೆಕ್ಕ ಮತ್ತು ಮನೆ, ಕೊನೆಗೆ ಸಂಸ್ಥೆಗಳು. ಈ ಕ್ರಮದಲ್ಲಿ ಮಾತಾಡುತ್ತೇನೆ. ಮೊದಲನೆಯದಕ್ಕೆ ಹೆಚ್ಚು ಸಮಯ ತೆಗೆದುಕೊಂಡರೆ ಅಧ್ಯಕ್ಷರು ಮನ್ನಿಸಬೇಕು.

ನನ್ನ ವಾದ ಸರಳವಾದದ್ದು. ನಮ್ಮಲ್ಲಿ ಉದ್ಯಮದ ಜೊತೆಗಾರರನ್ನು ಆರಿಸುವುದು ಸಲಿಗೆಯ ಮೇಲೆ. ಒಟ್ಟಿಗೆ ಓದಿದವರು, ಒಂದೇ ಕೇರಿಯವರು, ಭಾವಮೈದುನ, ಚಿಕ್ಕಪ್ಪನ ಮಗ. ಆರಿಸಬೇಕಾದದ್ದು ನಮ್ಮ ಕೊರತೆಯನ್ನು ನೋಡಿಕೊಂಡು.

ಮೊದಲ ವಿಷಯಕ್ಕೆ ಬರುತ್ತೇನೆ. ಇದಕ್ಕೆ ನಮ್ಮ ಕರಾವಳಿಯ ಒಂದು ಉದಾಹರಣೆಯಿದೆ. ಆಗ ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಉಡುಪಿಯಲ್ಲಿ 1925ರಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆ ಹುಟ್ಟಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ದೇಶಕ್ಕೆಲ್ಲ ಪರಿಚಯವಾದದ್ದು ಇದೇ. ಕೈಮಗ್ಗದ ಕಸುಬು ಕುಸಿದು ನೇಕಾರರು ಕಂಗಾಲಾಗಿದ್ದ ಕಾಲ ಅದು. ಅವರಿಗೆ ಕೈಹಿಡಿಯುವ ಹಣಕಾಸಿನ ಏರ್ಪಾಡು ಬೇಕಿತ್ತು. ಬಂಡವಾಳ 8,000 ರೂಪಾಯಿ. ಸ್ಥಾಪಕರು ಮೂವರು: ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ. ಒಬ್ಬರು ವ್ಯಾಪಾರಿ, ಒಬ್ಬರು ಎಂಜಿನಿಯರು, ಒಬ್ಬರು ವೈದ್ಯರು.

ಈ ಮೂವರ ಹೆಸರನ್ನು ಬ್ಯಾಂಕಿಂಗ್ ಪರೀಕ್ಷೆಗೆ ಓದುವವರೆಲ್ಲ ಬಾಯಿಪಾಠ ಮಾಡುತ್ತಾರೆ. ಅವರ ಕಸುಬುಗಳನ್ನು ಅಕ್ಕಪಕ್ಕ ಇಟ್ಟು ನೋಡುವವರು ವಿರಳ. ವ್ಯಾಪಾರಿಗೆ ಹಣ ತಿರುಗುವ ಬಗೆ ಗೊತ್ತು. ಎಂಜಿನಿಯರಿಗೆ ಸಾಲ ಕೇಳಲು ಬಂದವನ ಯಂತ್ರ ಓಡುತ್ತದೋ ಇಲ್ಲವೋ ತಿಳಿಯುತ್ತದೆ. ವೈದ್ಯರಿಗೆ ಬ್ಯಾಂಕಿನಲ್ಲಿ ಏನು ಕೆಲಸ? ಇಲ್ಲಿ ನಾನು ಹೇಳುವುದು ನನ್ನ ಊಹೆ. ರೋಗಿಯ ಮನೆಯ ಒಳಕೋಣೆಯವರೆಗೆ ಹೋಗಿಬರುವ ವೈದ್ಯನಿಗೆ ಯಾವ ಮನೆಯಲ್ಲಿ ನಾಳೆಗೆ ಅಕ್ಕಿಯಿದೆ, ಯಾವ ಮನೆ ಒಂದು ಜ್ವರಕ್ಕೆ ಸಾಲಗಾರನ ಬಾಗಿಲು ತಟ್ಟುತ್ತದೆ ಎಂಬುದು ಕಣ್ಣಿಗೆ ಬೀಳುತ್ತದೆ. ಉಪೇಂದ್ರ ಪೈ ಮತ್ತು ಡಾ. ಪೈ ಅಣ್ಣತಮ್ಮಂದಿರು ಎಂಬುದನ್ನೂ ಮರೆಯಬಾರದು. ಸಂಬಂಧ ಇತ್ತು, ಆದರೆ ಅಣ್ಣನಿಗೆ ಬರುವ ವಿದ್ಯೆಯೇ ತಮ್ಮನದೂ ಆಗಿರಲಿಲ್ಲ.

ಮೂರು ವರ್ಷದಲ್ಲಿ, 1928ರಲ್ಲಿ, ಪಿಗ್ಮಿ ಠೇವಣಿ ಶುರುವಾಯಿತು. ದಿನಕ್ಕೆ ಎರಡಾಣೆ ಉಳಿಸಬಲ್ಲವನ ಮನೆಬಾಗಿಲಿಗೆ ಬ್ಯಾಂಕೇ ಹೋಗುವ ಯೋಜನೆ. ಇಲ್ಲಿ ಬಳಗಕ್ಕೆ ನಾಲ್ಕನೆಯ ಬಗೆಯ ಮನುಷ್ಯ ಸೇರಿದ: ಪಿಗ್ಮಿ ಏಜೆಂಟ್. ಈ ಸಭೆಯಲ್ಲಿರುವ ಅಂಗಡಿಯವರಿಗೆ ನಾನು ವಿವರಿಸಬೇಕಿಲ್ಲ. ಸಂಜೆ ಸುಮಾರು ಅದೇ ಹೊತ್ತಿಗೆ ಬರುತ್ತಾರೆ, ಗಲ್ಲಾಪೆಟ್ಟಿಗೆಯ ಪಕ್ಕ ನಿಲ್ಲುತ್ತಾರೆ, ಗಿರಾಕಿ ಇದ್ದರೆ ಮಾತಾಡದೆ ಕಾಯುತ್ತಾರೆ, ಹಣ ಎಣಿಸಿ ಪುಸ್ತಕದಲ್ಲಿ ಬರೆದು ಸಹಿ ಹಾಕಿ ಮುಂದಿನ ಅಂಗಡಿಗೆ ಹೊರಡುತ್ತಾರೆ. ಈಚೆಗೆ ಪುಸ್ತಕದ ಬದಲು ಕೈಯಲ್ಲಿ ಚೀಟಿ ಮುದ್ರಿಸುವ ಯಂತ್ರ ಬಂದಿದೆ. ಇಡೀ ಬೀದಿಯಲ್ಲಿ ಯಾರ ವ್ಯಾಪಾರ ಏರುತ್ತಿದೆ, ಯಾರು ವಾರದಿಂದ ‘ನಾಳೆ ಬನ್ನಿ’ ಎನ್ನುತ್ತಿದ್ದಾರೆ ಎಂಬುದು ಮ್ಯಾನೇಜರಿಗಿಂತ ಮೊದಲು ಅವರಿಗೆ ಗೊತ್ತು. ಸ್ಥಾಪಕರ ಮೂರು ತಲೆಗಳಿಗೂ ಎಟುಕದ ಸುದ್ದಿ ಅದು.

ಈಗ ಈ ಮಾತನ್ನು ನಮ್ಮ ನಿಮ್ಮ ಅಳತೆಗೆ ತರೋಣ. ಹಾವೇರಿ ಕಡೆಯ ಒಬ್ಬ ಹೆಣ್ಣುಮಗಳು ಖಾರದಪುಡಿ, ಸಾಂಬಾರುಪುಡಿ ಮಾಡಿ ಮಾರಲು ಹೊರಟಿದ್ದಾಳೆ ಎಂದುಕೊಳ್ಳಿ. ಕೈರುಚಿ ಅವಳದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪುಡಿಯ ಹಣೆಬರಹ ಕುಟ್ಟುವ ಮೊದಲೇ ಬರೆದುಹೋಗಿರುತ್ತದೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಕಡ್ಡಿ ಯಾವುದು, ಡಬ್ಬಿ ಯಾವುದು, ಬಣ್ಣಕ್ಕೆ ಎಷ್ಟು ಬೇಕು, ಘಾಟಿಗೆ ಬೇರೆ ಯಾವ ತಳಿ ಬೆರೆಸಬೇಕು, ಚೀಲದ ಬಾಯಿಯಲ್ಲಿ ಗರಿಗರಿಯಾಗಿರುವ ಕಾಯಿ ತಳದಲ್ಲಿ ಮೆತ್ತಗಿದೆಯೋ ಹೇಗೆ, ಇದನ್ನೆಲ್ಲ ಕೈಯಾಡಿಸಿ ಹೇಳಬಲ್ಲವರು ಬೇಕು. ಹಸಿ ಉಳಿದ ಕಾಯಿ ಕೊಂಡರೆ ತೂಕದಲ್ಲೂ ನಷ್ಟ, ಬೂಸ್ಟು ಹಿಡಿದು ಮಾಲಿನಲ್ಲೂ ನಷ್ಟ. ಸುಗ್ಗಿಯಲ್ಲಿ ಕೊಂಡು ಕೋಲ್ಡ್ ಸ್ಟೋರೇಜಿನಲ್ಲಿ ಇಡಬೇಕಾದರೆ ಕೈಯಲ್ಲಿ ರೊಕ್ಕ ಬೇಕು. ಪ್ಯಾಕೆಟ್ಟಿನ ಮೇಲೆ ನಿವ್ವಳ ತೂಕ, ಎಂಆರ್‌ಪಿ, ತಯಾರಾದ ತಿಂಗಳು, ಆಹಾರ ಸುರಕ್ಷತಾ ಪ್ರಾಧಿಕಾರದ ಹದಿನಾಲ್ಕು ಅಂಕಿಯ ಸಂಖ್ಯೆ ಇರಬೇಕು. ಇಷ್ಟೆಲ್ಲ ಆಗಿ ಕಿರಾಣಿ ಅಂಗಡಿಗೆ ಹೋದರೆ, ‘ಇಟ್ಟು ಹೋಗ್ರಿ, ಖರ್ಚಾದ ಮ್ಯಾಲ ನೋಡೋಣು’ ಎನ್ನುತ್ತಾರೆ.

ಇಂಥ ಹೊತ್ತಿನಲ್ಲಿ ಅವಳು ಯಾರನ್ನು ಜೊತೆಗೆ ಕರೆದುಕೊಳ್ಳುತ್ತಾಳೆ? ಬಹುಮಟ್ಟಿಗೆ ತಂಗಿಯನ್ನು. ತಂಗಿಯ ಕೈರುಚಿಯೂ ಅಕ್ಕನಷ್ಟೇ ಚೆನ್ನ. ಹುರಿಯುವುದಕ್ಕೆ ಇಬ್ಬರಾದರು, ಮೆಣಸಿನಕಾಯಿ ಆರಿಸಲು ಯಾರೂ ಇಲ್ಲ, ಅಂಗಡಿ ಅಂಗಡಿಗೆ ಹೋಗಿ ಬಾಕಿ ಕೇಳುವವರು ಯಾರೂ ಇಲ್ಲ. ಆರು ತಿಂಗಳಾದ ಮೇಲೆ ಮಾಲು ಚೆನ್ನಾಗಿದ್ದೂ ಯಂತ್ರ ನಿಲ್ಲುತ್ತದೆ. ಊರು ‘ಮಾರ್ಕೆಟಿಂಗ್ ಗೊತ್ತಾಗಲಿಲ್ಲ’ ಎಂದು ಷರಾ ಬರೆಯುತ್ತದೆ. ಅವಳಿಗೆ ಬೇಕಿದ್ದದ್ದು ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿದ ಒಬ್ಬ ಹಿರಿಯ ಮತ್ತು ಸೈಕಲ್ ಮೋಟಾರು ಓಡಿಸಬಲ್ಲ, ನಾಚಿಕೆಯಿಲ್ಲದೆ ದುಡ್ಡು ಕೇಳಬಲ್ಲ ಒಬ್ಬ ಹುಡುಗ. ಇಬ್ಬರೂ ಬಹುಶಃ ನೆಂಟರಲ್ಲ.

ಹಾಗೆಂದು ನೆಂಟರು ಬೇಡ ಎಂಬುದು ನನ್ನ ಮಾತಲ್ಲ. ಉಡುಪಿ ಹೋಟೆಲುಗಳ ಚರಿತ್ರೆಯೇ ಆ ಮಾತನ್ನು ಸುಳ್ಳುಮಾಡುತ್ತದೆ. ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹೋಟೆಲೇ ಮುಂದೆ ಎಂಟಿಆರ್ ಆಯಿತು. ಆ ಹೋಟೆಲುಗಳ ಪದ್ಧತಿಯನ್ನು ಸ್ವಲ್ಪ ಗಮನಿಸಿ. ಊರಿನಿಂದ ಬಂದ ಸೋದರಳಿಯ ನೇರವಾಗಿ ಗಲ್ಲಾದಲ್ಲಿ ಕೂರುತ್ತಿರಲಿಲ್ಲ. ಮೊದಲು ಮೇಜು ಒರೆಸಬೇಕು, ಆಮೇಲೆ ಸಪ್ಲೈಯರ್ ಆಗಬೇಕು, ಅಡುಗೆಮನೆಯ ಹೊಗೆ ಕುಡಿಯಬೇಕು, ಅಷ್ಟರಲ್ಲಿ ಅವನ ನಿಯತ್ತು, ಅವನ ನಾಲಗೆ, ಅವನ ಕೈ ಎಲ್ಲವೂ ಪರೀಕ್ಷೆಯಾಗಿರುತ್ತಿತ್ತು. ಸಂಬಂಧ ಬಾಗಿಲು ತೆರೆಯುತ್ತಿತ್ತು, ಅಷ್ಟೇ. ಇಂದು ನಾವು ಮಾಡುವುದು ತಿರುಗುಮುರುಗು: ಭಾವಮೈದುನನಿಗೆ ಮೊದಲ ದಿನವೇ ‘ಡೈರೆಕ್ಟರ್’ ಎಂದು ವಿಸಿಟಿಂಗ್ ಕಾರ್ಡು ಮಾಡಿಸುತ್ತೇವೆ.

ಎರಡನೆಯ ವಿಷಯ, ಕಾಗದ. ‘ನಮ್ಮ ನಮ್ಮಲ್ಲಿ ಎಂಥಾ ಅಗ್ರಿಮೆಂಟು’ ಎಂಬ ಮಾತು ನಮ್ಮ ನಾಡಿನಲ್ಲಿ ಎಷ್ಟು ಸ್ನೇಹಗಳನ್ನು ಕೊಂದಿದೆಯೋ ಲೆಕ್ಕವಿಲ್ಲ. ಕಾನೂನು ಏನು ಹೇಳುತ್ತದೆ ಎಂಬುದನ್ನು ವಿದ್ಯಾರ್ಥಿಗಳಾದರೂ ಗಮನಿಸಬೇಕು. 1932ರ ಪಾಲುದಾರಿಕೆ ಕಾಯಿದೆಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭನಷ್ಟ ಎಲ್ಲರಿಗೂ ಸಮಪಾಲು. ಒಬ್ಬ ಎಂಟು ಲಕ್ಷ ಹಾಕಿ ಇನ್ನೊಬ್ಬ ಎರಡು ಲಕ್ಷ ಹಾಕಿದ್ದರೂ ಸಮಪಾಲೇ. ಬೆಳಿಗ್ಗೆ ಆರಕ್ಕೆ ಷಟರ್ ಎತ್ತಿ ರಾತ್ರಿ ಹತ್ತಕ್ಕೆ ಇಳಿಸುವ ಪಾಲುದಾರನಿಗೆ, ಒಪ್ಪಂದ ಇಲ್ಲದಿದ್ದರೆ, ಸಂಬಳ ಕೇಳುವ ಹಕ್ಕಿಲ್ಲ. ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬನೂ ಒಂಟಿಯಾಗಿಯೂ ಹೊಣೆ. ನೋಂದಣಿ ಮಾಡಿಸದಿದ್ದರೆ ಬಾಕಿದಾರನ ಮೇಲೆ ದಾವೆ ಹೂಡಲು ಹೋದಾಗ ಕಾಯಿದೆಯೇ ಅಡ್ಡ ನಿಲ್ಲುತ್ತದೆ. ಪಾಲುದಾರಿಕೆ ಪತ್ರ ಎಂದರೆ ಅಪನಂಬಿಕೆ ಎಂದು ಭಾವಿಸುವವರು, ಪತ್ರ ಬರೆಯದೆ ಬಿಟ್ಟರೂ ಒಂದು ಪತ್ರ ತಮ್ಮ ಮೇಲೆ ಇದ್ದೇ ಇರುತ್ತದೆ, ಅದನ್ನು ಬರೆದವರು 1932ರ ಶಾಸಕರು ಎಂಬುದನ್ನು ತಿಳಿಯಬೇಕು.

ಪತ್ರದಲ್ಲಿ ಎಲ್ಲರೂ ಬರೆಯುವುದು ಸೇರುವಾಗಿನ ಮಾತು. ಬರೆಯಲು ಮರೆಯುವುದು ಬಿಡುವಾಗಿನ ಮಾತು. ಇನ್ಫೋಸಿಸ್ ಕಥೆಯಲ್ಲಿ ನನಗೆ ಮುಖ್ಯವೆನಿಸುವ ಅಧ್ಯಾಯ ಇದೇ. 1981ರಲ್ಲಿ ಪುಣೆಯಲ್ಲಿ ಏಳು ಮಂದಿ ಸೇರಿ ಕಟ್ಟಿದ ಕಂಪನಿ. 1983ರಲ್ಲಿ ಬೆಂಗಳೂರಿಗೆ ಬಂತು. ಏಳು ಜನರಲ್ಲಿ ಅಶೋಕ್ ಅರೋರಾ 1989ರಲ್ಲಿ ಹೊರಬಂದರು. ಮರುವರ್ಷ ಇಡೀ ಕಂಪನಿಯನ್ನು ಹತ್ತು ಲಕ್ಷ ಡಾಲರಿಗೆ ಕೊಳ್ಳುವ ಪ್ರಸ್ತಾಪ ಬಂದಾಗ ಮಾರೋಣವೇ ಎಂಬ ಚರ್ಚೆ ನಡೆಯಿತು. ಹೊರಡಲು ಇಷ್ಟಪಡುವವರ ಪಾಲನ್ನು ತಾನೇ ಕೊಳ್ಳುತ್ತೇನೆ ಎಂದು ಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿ ಹೇಳಿದರು, ಉಳಿದವರು ಹೋಗಲಿಲ್ಲ. ಈ ಪ್ರಸಂಗವನ್ನು ಸಾಮಾನ್ಯವಾಗಿ ಛಲದ ಕಥೆಯಾಗಿ ಹೇಳುತ್ತಾರೆ. ನನಗೆ ಇದು ಬೇರೆ ಪಾಠದಂತೆ ಕಾಣುತ್ತದೆ. ಹೊರಗೆ ಹೋಗುವ ದಾರಿ ತೆರೆದಿಟ್ಟು, ಅದಕ್ಕೆ ಬೆಲೆಯನ್ನೂ ಎದುರಿಗಿಟ್ಟು ಕೇಳಿದ್ದರಿಂದ ಉಳಿದವರು ಮನಸಾರೆ ಉಳಿದರು. ಬಾಗಿಲು ಹಾಕಿ ಕೂರಿಸಿದ ಪಾಲುದಾರ ದಿನಾ ಗೊಣಗುತ್ತಾನೆ.

ಕಾಗದದ ಮಾತು ಪಾಲುದಾರರಿಗೆ ನಿಲ್ಲುವುದಿಲ್ಲ. ಆಗ ಹೇಳಿದ ಪಿಗ್ಮಿ ಏಜೆಂಟರನ್ನೇ ತೆಗೆದುಕೊಳ್ಳಿ. ಕಮಿಷನ್ನಿನ ಮೇಲೆ ದಶಕಗಟ್ಟಲೆ ದುಡಿದ ಇವರು ಬ್ಯಾಂಕಿನವರೋ ಹೊರಗಿನವರೋ ಎಂಬ ಪ್ರಶ್ನೆ ನ್ಯಾಯಮಂಡಳಿ, ಹೈಕೋರ್ಟು ಹತ್ತಿ 2001ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಕೈಗಾರಿಕಾ ವಿವಾದ ಕಾಯಿದೆಯ ಮಟ್ಟಿಗೆ ಇವರು ಕಾರ್ಮಿಕರೇ, ಆದರೆ ಕಾಯಂ ಗುಮಾಸ್ತರಿಗೆ ಸಮಾನರಲ್ಲ ಎಂದಿತು ನ್ಯಾಯಾಲಯ. ಯೋಜನೆ ಶುರುವಾದದ್ದು 1928ರಲ್ಲಿ, ಉತ್ತರ ಸಿಕ್ಕಿದ್ದು ಎಪ್ಪತ್ತಮೂರು ವರ್ಷದ ಮೇಲೆ. ಬಳಗದ ಅಂಚಿನಲ್ಲಿರುವವರ ಸ್ಥಾನವನ್ನು ಮೊದಲೇ ಗೊತ್ತುಮಾಡದಿದ್ದರೆ ಅದನ್ನು ಕೋರ್ಟು ಗೊತ್ತುಮಾಡುತ್ತದೆ. ನಿಮ್ಮ ಡೆಲಿವರಿ ಹುಡುಗ, ಮನೆಯಲ್ಲೇ ಕೂತು ಹೊಲಿದುಕೊಡುವ ಟೈಲರ್, ತಿಂಗಳಿಗೆ ನಾಲ್ಕು ದಿನ ಬರುವ ಲೆಕ್ಕದವರು, ಇವರೆಲ್ಲರ ವಿಷಯದಲ್ಲೂ ಇದೇ ಮಾತು.

ಮೂರನೆಯ ವಿಷಯಕ್ಕೆ ಹೊರಳುತ್ತೇನೆ. ಲೆಕ್ಕ ಮತ್ತು ಮನೆ, ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿದ್ದೇನೆ, ಯಾಕೆಂದರೆ ನಮ್ಮ ಸಣ್ಣ ಉದ್ಯಮಗಳಲ್ಲಿ ಎರಡರ ಚೀಲವೂ ಒಂದೇ. ಮಗಳ ಫೀಸು ಗಲ್ಲಾದಿಂದ, ಸರಕಿನ ಮುಂಗಡ ಹೆಂಡತಿಯ ಚೀಟಿ ಹಣದಿಂದ. ವರ್ಷದ ಕೊನೆಗೆ ಲಾಭವಾಯಿತೋ ಇಲ್ಲವೋ ದೇವರಿಗೂ ಗೊತ್ತಾಗುವುದಿಲ್ಲ. ಆಡಿಟರ್ ಇದ್ದಾರಲ್ಲ ಎನ್ನುತ್ತೀರಿ. ಆಡಿಟರನ್ನು ನಾವು ನೋಡುವುದು ರಿಟರ್ನ್ಸ್ ಕಟ್ಟುವ ಗಡುವಿನ ಹಿಂದಿನ ದಿನ, ಕೈಯಲ್ಲಿ ಬಿಲ್ಲುಗಳ ಗಂಟು ಹಿಡಿದುಕೊಂಡು. ಆ ಹೊತ್ತಿನಲ್ಲಿ ಅವರು ತೆರಿಗೆ ಹೇಳಬಲ್ಲರು, ಬುದ್ಧಿ ಹೇಳಲಾರರು.

ಬುದ್ಧಿ ಹೇಳುವವರನ್ನು ಬೇರೆಯಾಗಿ ಹುಡುಕಿಕೊಳ್ಳಬೇಕು. ಮುಂಬಯಿಯ ಗಿರಗಾಂವ್‌ನಲ್ಲಿ 1959ರಲ್ಲಿ ಏಳು ಮಂದಿ ಗೃಹಿಣಿಯರು ಎಂಬತ್ತು ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಲು ಕೂತರು. ಅದೇ ಲಿಜ್ಜತ್ ಆಯಿತು. ಸಾಲ ಕೊಟ್ಟವರು ಛಗನ್‌ಲಾಲ್ ಕರಮ್‌ಸಿ ಪಾರೇಖ್ ಎಂಬ ಸಮಾಜಸೇವಕರು. ಅವರ ಎಂಬತ್ತು ರೂಪಾಯಿಯನ್ನು ಎಲ್ಲರೂ ನೆನೆಯುತ್ತಾರೆ. ಅದಕ್ಕಿಂತ ದೊಡ್ಡದು ಅವರು ಹಿಡಿದ ಹಟ: ಇದು ದಾನಧರ್ಮವಲ್ಲ, ವ್ಯಾಪಾರ, ಲೆಕ್ಕ ಸರಿಯಾಗಿ ಬರೆಯಬೇಕು, ಹಪ್ಪಳದ ಗುಣಮಟ್ಟ ಇಳಿಯಬಾರದು. ಇಂಥ ಒಬ್ಬ ಹಿರಿಯರು ಪ್ರತಿ ಉದ್ಯಮಕ್ಕೂ ಬೇಕು. ‘ಬೇಡ’ ಎನ್ನಬಲ್ಲವರು. ಸಂಬಳ ತೆಗೆದುಕೊಳ್ಳುವ ನೌಕರನಿಗೆ ಆ ಮಾತು ಬಾಯಿಗೆ ಬರುವುದಿಲ್ಲ, ಸ್ನೇಹಿತನಿಗೆ ದಾಕ್ಷಿಣ್ಯ. ನಿವೃತ್ತ ಬ್ಯಾಂಕ್ ಅಧಿಕಾರಿಗಳು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ; ಬೆಳಿಗ್ಗೆ ವಾಕಿಂಗ್ ಮುಗಿಸಿ ಪತ್ರಿಕೆ ಓದುತ್ತಾ ಕೂತಿರುತ್ತಾರೆ. ನೂರಾರು ಸಾಲದ ಕಡತ ನೋಡಿದ ಕಣ್ಣು ಅವು. ತಿಂಗಳಿಗೊಮ್ಮೆ ಅವರ ಮುಂದೆ ಕಿರ್ದಿ, ಖಾತೆ ಬಿಚ್ಚಿ ಕೂರಿ. ‘ಹೇಗಿದೆ ಸಾರ್’ ಎಂದು ಕೇಳಿದರೆ ‘ಚೆನ್ನಾಗಿದೆಯಪ್ಪ’ ಎನ್ನುತ್ತಾರೆ. ‘ಇದು ಎಲ್ಲಿ ಮುಗ್ಗರಿಸುತ್ತದೆ ಹೇಳಿ’ ಎಂದು ಕೇಳಬೇಕು.

ಇನ್ನು ಮನೆ. ಇನ್ಫೋಸಿಸ್‌ಗೆ ಮೊದಲ ಹತ್ತು ಸಾವಿರ ರೂಪಾಯಿ ಕೊಟ್ಟವರು ನಾರಾಯಣಮೂರ್ತಿಯವರ ಪತ್ನಿ ಸುಧಾ ಮೂರ್ತಿ ಎಂಬುದು ಮಕ್ಕಳಿಗೂ ಗೊತ್ತು. ಅವರೂ ಎಂಜಿನಿಯರೇ, ಆದರೆ ಗಂಡಹೆಂಡತಿ ಇಬ್ಬರೂ ಒಂದೇ ಕಂಪನಿಯಲ್ಲಿ ಇರುವುದು ಬೇಡ ಎಂಬ ನಿಲುವಿನಿಂದ ಹೊರಗೆ ಉಳಿದರು. ಆ ನಿಲುವು ಸರಿಯಾಗಿರಲಿಲ್ಲ ಎಂದು ನಾರಾಯಣಮೂರ್ತಿಯವರೇ ಈಚಿನ ವರ್ಷಗಳಲ್ಲಿ ಬಹಿರಂಗವಾಗಿ ಹೇಳಿದ್ದಾರೆ. ನಮ್ಮ ಊರುಗಳಲ್ಲಿ ನಡೆಯುವುದು ಇದರ ಇನ್ನೊಂದು ಮಗ್ಗುಲು. ಮಹಿಳೆಯರಿಗೆ ಮೀಸಲಾದ ಸಾಲಯೋಜನೆ ಸಿಗಲಿ ಎಂದು ಉದ್ಯಮವನ್ನು ಹೆಂಡತಿಯ ಹೆಸರಿಗೆ ಮಾಡುತ್ತಾರೆ. ಹೆಸರು ಅವಳದು, ಸಹಿ ಅವಳದು, ಹೊಣೆ ಅವಳದು. ಬ್ಯಾಂಕಿನಲ್ಲಿ ಬಾಕಿ ಎಷ್ಟಿದೆ ಎಂದು ಕೇಳಿದರೆ ‘ಅವರನ್ನೇ ಕೇಳಬೇಕು’ ಎನ್ನುತ್ತಾಳೆ. ಬಿಲ್ಲು ಬರೆಯುವುದು, ಆಳುಗಳಿಗೆ ಊಟ, ಫೋನಿನಲ್ಲಿ ಗಿರಾಕಿಗೆ ಉತ್ತರ ಎಲ್ಲ ಅವಳದೇ, ಸಂಬಳದ ಪಟ್ಟಿಯಲ್ಲಿ ಮಾತ್ರ ಹೆಸರಿಲ್ಲ. ಇದನ್ನು ಕೌಟುಂಬಿಕ ಸಹಕಾರ ಎಂದು ಕರೆದು ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ಪಾಸ್‌ಬುಕ್ಕನ್ನು ತಿಂಗಳಿಗೊಮ್ಮೆ ಇಬ್ಬರೂ ಕೂತು ನೋಡುವ ಮನೆಗಳಲ್ಲಿ ಸಾಲ ಹದ್ದು ಮೀರುವುದು ಕಡಿಮೆ ಎಂಬುದಷ್ಟನ್ನು ನಾನು ನೋಡಿ ಬಲ್ಲೆ.

ಕೊನೆಯ ವಿಷಯ, ಸಂಸ್ಥೆಗಳು. ಇಲ್ಲಿ ಬೇಗ ಮುಂದೆ ಸಾಗುತ್ತೇನೆ. ಎಲ್ಲರಿಗೂ ಬಳಗ ತಾನಾಗಿ ಒದಗಿಬರುವುದಿಲ್ಲ. ಕಿರಣ್ ಮಜುಂದಾರ್ 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಬಯೋಕಾನ್ ಶುರುಮಾಡಿದಾಗ ಅವರಿಗೆ ಇಪ್ಪತ್ತೈದು ವರ್ಷ. ಹೆಣ್ಣುಮಗಳ ಕೈಕೆಳಗೆ ಕೆಲಸ ಮಾಡಲು ಜನ ಹಿಂದೆಗೆದರು. ಬ್ಯಾಂಕುಗಳೂ ಸಾಲಕ್ಕೆ ಹಿಂದೆಗೆದವು. ಮೊದಲಿಗೆ ಸಿಕ್ಕವರು ಒಬ್ಬ ನಿವೃತ್ತ ಗ್ಯಾರೇಜ್ ಮೆಕಾನಿಕ್. ಕಿಣ್ವ ತಯಾರಿಸುವ ಕಂಪನಿಗೆ ಮೆಕಾನಿಕ್ ಯಾಕೆ ಎಂದು ಯಾರಾದರೂ ಕೇಳಬಹುದು. ಕಿಣ್ವದ ವಿದ್ಯೆ ಅವರಲ್ಲೇ ಇತ್ತು, ಯಂತ್ರ ಬಿಚ್ಚಿ ಜೋಡಿಸುವ ಕೈ ಇರಲಿಲ್ಲ ಎಂಬುದು ನನ್ನ ಉತ್ತರ. ಇಂಥ ಒಂಟಿ ಹೋರಾಟ ಎಲ್ಲ ಹೆಣ್ಣುಮಕ್ಕಳ ಪಾಲಿಗೂ ಬರಬಾರದೆಂದೇ 1983ರಲ್ಲಿ ಬೆಂಗಳೂರಿನಲ್ಲಿ ಮಹಿಳಾ ಉದ್ಯಮಿಗಳ ಸಂಘ ‘ಅವೇಕ್’ ಹುಟ್ಟಿತು. ಅದರ ಹಿಂದಿನ ವರ್ಷ ಉಜಿರೆಯಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ರುಡ್‌ಸೆಟ್ ಸಂಸ್ಥೆ ಆರಂಭವಾಗಿತ್ತು. ಇದರ ಮಾದರಿಯಲ್ಲೇ ಇಂದು ದೇಶದ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ಊಟ, ವಸತಿ ಸಮೇತ ಉಚಿತ ತರಬೇತಿ ಎಂಬುದಷ್ಟೇ ಜನರ ಕಿವಿಗೆ ಬಿದ್ದಿದೆ. ತರಬೇತಿ ಕೆಲವೇ ವಾರ. ಆಮೇಲೆ ಎರಡು ವರ್ಷ ಬೆನ್ನಿಗಿದ್ದು ವಿಚಾರಿಸುವುದು ಅದರ ನಿಜವಾದ ಹೂರಣ. ಶಿಬಿರ ಮುಗಿಸಿ ಪ್ರಮಾಣಪತ್ರ ತಂದು ಗೋಡೆಗೆ ತೂಗುಹಾಕಿ, ಆ ಎರಡು ವರ್ಷವನ್ನು ಬಳಸಿಕೊಳ್ಳದವರೇ ಹೆಚ್ಚು.

ಸಂಸ್ಥೆಗಳ ಇನ್ನೊಂದು ಉಪಯೋಗವನ್ನು ಹೇಳಿ ಮುಗಿಸುತ್ತೇನೆ. ಸಣ್ಣ ಉದ್ದಿಮೆಯವರು ಮಾಲು ಕೊಟ್ಟರೆ ದೊಡ್ಡ ಕೊಳ್ಳುಗರು ಹೆಚ್ಚೆಂದರೆ ನಲವತ್ತೈದು ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯಿದೆ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಮಂಡಳಿಯೂ ಇದೆ. ಆದರೆ ಇರುವ ಒಬ್ಬನೇ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ಮುಂದಿನ ಆರ್ಡರ್ ಕಳೆದುಕೊಳ್ಳಲು ಯಾರು ತಯಾರಿದ್ದಾರೆ? ಹೀಗಾಗಿ ಕಾಯಿದೆ ಪುಸ್ತಕದಲ್ಲಿ ಉಳಿಯುತ್ತದೆ, ಬಾಕಿ ಖಾತೆಯಲ್ಲಿ ಉಳಿಯುತ್ತದೆ. ನಮ್ಮ ರಾಜ್ಯದಲ್ಲಿ 1949ರಿಂದ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ ಇದೆ, ಹಲವು ಕೈಗಾರಿಕಾ ಪ್ರದೇಶಗಳಲ್ಲಿ ಸ್ಥಳೀಯ ಸಂಘಗಳಿವೆ. ನೀವು ಬರೆದರೆ ಜಗಳವಾಗುವ ಪತ್ರ ಸಂಘದ ಲೆಟರ್‌ಹೆಡ್‌ನಲ್ಲಿ, ‘ನಮ್ಮ ಹಲವು ಸದಸ್ಯರ ಬಾಕಿಯ ವಿಷಯ’ ಎಂದು ಹೋದರೆ ಅದು ಬರಿಯ ವಿಚಾರಣೆಯಾಗುತ್ತದೆ, ನಿಮ್ಮ ಹೆಸರು ಮುಂದೆ ಬರುವುದಿಲ್ಲ. ವರ್ಷದ ಚಂದಾ ದಂಡ ಎಂದು ಸಂಘದಿಂದ ದೂರ ಉಳಿದಿರುವ ವರ್ತಕ ಮಿತ್ರರು ಈ ಒಂದು ಪತ್ರದ ಬೆಲೆಯನ್ನು ತಮ್ಮ ಬಾಕಿಪಟ್ಟಿಯ ಪಕ್ಕದಲ್ಲಿಟ್ಟು ನೋಡಬಹುದು.